ಇಲಿಗಳಿಗಾಗಿ ಹೊಟ್ಟು ಕೇರಿದ ಮಳೆಗಾಲ

ಮೊನ್ನೆ ದಾವಣಗೆರೆಯಿಂದ ವಾಪಸು ಬರುವಾಗ ಹೊನ್ನಾಳಿ ಹತ್ತಿರ ನಮ್ಮ ಬಸ್ಸು ಒಂದು ಅಕ್ಕಿ ಗಿರಣಿಯ ಪಕ್ಕ ನಿಂತಿತು. ಮುಂದೆ ಭತ್ತದ ಲಾರಿಯನ್ನು ಅಡ್ಡ ತಿರುಗಿಸುತ್ತಿದ್ದರು. ಕಿಟಕಿಯಿಂದ ಹೊಟ್ಟಿನ ವಾಸನೆ ಒಳಗೆ ನುಗ್ಗಿತು. ಬಿಸಿಲಿಗೆ ಕಾದ ಚಾಪೆಯ ಹಾಗಿರುತ್ತದೆ ಆ ವಾಸನೆ. ಹಿಂದಿನ ಸೀಟಿನಿಂದ ಹಾಲವ್ವ ನನ್ನ ಭುಜ ತಿವಿದಳು.

"ಗಂಗಕ್ಕಾ, ಇಳಿದು ಎರಡು ಚೀಲ ತುಂಬ್ಕಂಡು ಬರಾಣೇನು?"

ಬಸ್ಸಿನಲ್ಲಿದ್ದ ಬೇರೆಯವರಿಗೆ ಏನೂ ಅರ್ಥವಾಗಲಿಲ್ಲ. ನಾವು ನಾಲ್ಕು ಹೆಂಗಸರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು, ನನ್ನ ಮಗಳು ಶಾಂತ, ಪಕ್ಕದ ಮನೆಯ ಹಾಲವ್ವ, ಎದುರು ಮನೆಯ ಖಮರ್‌ಬಿ. ಶಾಂತ ನಕ್ಕರೆ ಕೆಮ್ಮು ಬರುತ್ತದೆ. ಬಂತು ಕೂಡ. ಆದರೂ ಅವತ್ತು ಅವಳು ನಗು ನಿಲ್ಲಿಸಲಿಲ್ಲ.

ಯಾಕೆ ನಿಲ್ಲಿಸಬೇಕು ಹೇಳಿ? ಅವಳ ಮಗಳು, ನನ್ನ ಮೊಮ್ಮಗಳು ಸುಧಾ, ಅವತ್ತು ಡಾಕ್ಟರ್ ಆಗಿದ್ದಳು. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ವರ್ಷಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತಿ, ದೊಡ್ಡವರ ಎದುರು ನಿಂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಆಗುವ ಡಾಕ್ಟರ್. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಹೊಟ್ಟೆಯ ಹೊಟ್ಟೆಯಲ್ಲಿ ಹುಟ್ಟಿದವಳು ಇಷ್ಟು ಎತ್ತರಕ್ಕೆ ಹೋದಳಲ್ಲ ಅಂತ ಮೂರು ದಿನದಿಂದ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಹಾಲಿನವನಿಗೆ ಹೇಳಿದೆ. ಕರೆಂಟ್ ಬಿಲ್ಲಿನವನಿಗೂ ಹೇಳಿದೆ. ಇನ್ನೂ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಅವಳು ಡಾಕ್ಟರ್ ಆದದ್ದನ್ನು ಹೇಳಬೇಕಾದರೆ ಆ ಮಳೆಗಾಲವನ್ನು ಹೇಳಲೇಬೇಕು. ನಮ್ಮ ಸಾಸ್ವೆಹಳ್ಳಿಯ ಹೆಂಗಸರು ಇಲಿಗಳಿಗಾಗಿ ಹೊಟ್ಟು ಕೇರಿದ ಮಳೆಗಾಲ.

ಶಾಂತನನ್ನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿಗೆ ಕೊಟ್ಟಿದ್ದೆವು. ಸುಧಾ ಹೈಸ್ಕೂಲಿನಲ್ಲಿದ್ದಾಗ ಶಾಂತನ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಆಮೇಲೆ ಕರೆಂಟು ಕೊಟ್ಟರು. ರೇಡಿಯೇಷನ್ ಅನ್ನುವುದನ್ನು ನಮ್ಮ ಕಡೆ ಕರೆಂಟು ಅಂತಲೇ ಅನ್ನುವುದು. ಅದರಿಂದಲೇ ನನ್ನ ಮಗಳು ಉಳಿದಳು, ಈ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಗಂಟು ಮತ್ತೆ ಬರಲಿಲ್ಲ. ಕೂದಲು ಬಂತು, ಮೈ ತುಂಬಿಕೊಂಡಿತು, ಗದ್ದೆಗೆ ಹೋಗಿ ನಾಟಿ ಹಾಕಿದಳು. ನಾವೆಲ್ಲ ಮರೆತೇಬಿಟ್ಟಿದ್ದೆವು. ಆಗ ಶುರುವಾಯಿತು ಆ ಒಣ ಕೆಮ್ಮು. ಬಿಂದಿಗೆ ಎತ್ತಿದರೆ ಏದುಸಿರು, ಮೆಟ್ಟಿಲು ಹತ್ತಿದರೆ ಏದುಸಿರು. ಟಿ.ಬಿ. ಇರಬಹುದು ಅಂದರು, ಅಲ್ಲ ಅಂದರು. ಗಂಟು ತಿರುಗಿ ಬಂತೇನೋ ಅಂತ ನಾನು ಮನೆದೇವರಿಗೆ ಮುಡಿಪು ಕಟ್ಟಿದೆ. ಅದೂ ಅಲ್ಲವಂತೆ. ಹಳೇ ಕರೆಂಟಿನದೇ ಕೆಲಸ ಅಂದರು ಡಾಕ್ಟರು.

ಹಿಂಗೂ ಉಂಟೇ ಅಂತ ನಾನು ಎಷ್ಟೋ ಕಾಲದ ಮೇಲೆ ಒಂದು ದಿನ ಸುಧಾಳನ್ನು ಕೇಳಿದೆ. ಅವಳು ಆಗಲೇ ದಾವಣಗೆರೆಯ ಒಂದು ಕಾಲೇಜಿನಲ್ಲಿ ಇದರ ಮೇಲೇ ಕೆಲಸ ಮಾಡುತ್ತಿದ್ದಳು. ತಾಯಿಯ ಕೆಮ್ಮು ಕೇಳಿಕೊಂಡೇ ಆ ದಾರಿ ಹಿಡಿದಳು ಅಂತ ನನಗೆ ಗೊತ್ತು, ಅವಳು ಬಾಯಿಬಿಟ್ಟು ಹೇಳಿಲ್ಲ. ಒಲೆಯ ಮುಂದೆ ಕೂತು ನನಗೆ ಬಿಡಿಸಿ ಹೇಳಿದಳು.

"ಅಜ್ಜಿ, ಕರೆಂಟು ಗಂಟನ್ನ ಸುಡ್ತೈತೆ. ಆದ್ರೆ ಅದರ ಹಿಂದೆ ಶ್ವಾಸಕೋಶ ಇರ್ತೈತಲ್ಲ, ಅದಕ್ಕೂ ಒಂಚೂರು ತಾಗ್ತೈತೆ. ಆಗ್ಲೇ ಗೊತ್ತಾಗಲ್ಲ. ತಿಂಗಳುಗಟ್ಲೆ, ಕೆಲವರಿಗೆ ವರ್ಷಗಟ್ಲೆ ಆದ್ಮೇಲೆ ಒಳಗೆ ಬಿರುಸಾಗ್ತಾ ಬರ್ತೈತೆ."

"ಗಂಜಿ ಹಾಕಿ ಒಣಗಿಸಿದ ಸೀರೆ ಹಂಗೆ?" ಅಂದೆ.

"ಹಂಗೇ ಅಂದ್ಕ. ಮೆತ್ತಗಿದ್ರೆ ಉಸಿರಿಗೆ ಹಿಗ್ತೈತೆ. ಬಿರುಸಾದ್ರೆ ಹಿಗ್ಗಲ್ಲ."

ಮನುಷ್ಯರಲ್ಲಿ ವರ್ಷಗಟ್ಟಲೆ ಆಗುವುದು ಇಲಿಗಳಲ್ಲಿ ತಿಂಗಳುಗಳಲ್ಲಿ ಕಾಣುತ್ತದಂತೆ. ಅದಕ್ಕೇ ಇಲಿ. ಬಿಳಿ ಇಲಿಗಳು. ಒಂದಷ್ಟು ಇಲಿಗಳಿಗೆ ಮಂಪರು ಕೊಟ್ಟು ಎದೆಗೆ ಮಾತ್ರ ಕರೆಂಟು ಕೊಟ್ಟಿದ್ದರು. ಅವುಗಳಲ್ಲಿ ಅರ್ಧಕ್ಕೆ ಒಂದು ಮಾತ್ರೆಯನ್ನೂ ಕೊಡುತ್ತಿದ್ದರು. ಬಿ.ಪಿ.ಗೆ ಕೊಡುವ ಹಳೆಯ ಮಾತ್ರೆಯೇ, ಅದು ಈ ಬಿರುಸನ್ನು ತಡೆಯುತ್ತದೆಯೋ ನೋಡೋಣ ಅಂತ. ಇನ್ನೊಂದಷ್ಟು ಇಲಿಗಳಿಗೆ ಕರೆಂಟೂ ಇಲ್ಲ, ಮಾತ್ರೆಯೂ ಇಲ್ಲ, ಹೋಲಿಸಿ ನೋಡುವುದಕ್ಕೆ ಇಟ್ಟವು. ಆಮೇಲೆ ಕೆಲಸ ಅಂದರೆ ಕಾಯುವುದು. ಶಿವರಾತ್ರಿಗೆ ಶುರುವಾದದ್ದು ದೀಪಾವಳಿ ಕಳೆಯುವವರೆಗೆ ಕಾಯಬೇಕು. ಉಸಿರಾಟ ನೋಡುವುದು, ತೂಗುವುದು, ಪಂಜರ ಸ್ವಚ್ಛ ಮಾಡುವುದು, ಕಾಯುವುದು. ಬಸುರಿ ಹೆಂಗಸನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತೀಯಲ್ಲೇ ಅಂತ ನಾನು ಆಡಿಕೊಳ್ಳುತ್ತಿದ್ದೆ.

ಆ ವರ್ಷ ಮಳೆ ಹಿಡಿದ ಮೇಲೆ ಶಾಂತನಿಗೆ ಉಸಿರಾಟ ಬಹಳ ಕಷ್ಟವಾಯಿತು. ಉಬ್ರಾಣಿಯಿಂದ ಆಸ್ಪತ್ರೆಗೆ ಓಡಾಡುವುದು ದೂರ ಅಂತ ನಮ್ಮಲ್ಲಿಗೇ ಕರೆದುಕೊಂಡು ಬಂದೆ. ಭಾನುವಾರಗಳಂದು ಸುಧಾ ಬರುತ್ತಿದ್ದಳು. ಆಷಾಢದ ಒಂದು ಭಾನುವಾರ ಬಂದವಳು ಊಟದ ತಟ್ಟೆ ಮುಂದೆ ಇಟ್ಟರೂ ಅನ್ನ ಕಲಸದೆ ಕೂತಿದ್ದಳು.

"ಇಲಿ ಸೀನ್ತಾ ಅದಾವೆ ಅಜ್ಜಿ" ಅಂದಳು.

ನಾನು ನಕ್ಕುಬಿಟ್ಟೆ. ಶಾಂತ ನಗಲಿಲ್ಲ. "ಎಲ್ಲವೂನಾ?" ಅಂತ ಕೇಳಿದಳು.

"ಕರೆಂಟು ಕೊಡದೇ ಇರೋವೂ ಸೀನ್ತಾ ಅದಾವಮ್ಮ. ಅದೇ ಬಂದಿರೋದು ತಾಪತ್ರಯ."

ಪಂಜರದಲ್ಲಿ ಇಲಿಗಳ ಕೆಳಗೆ ಹಾಸುವುದು ಭತ್ತದ ಹೊಟ್ಟು. ಅದನ್ನು ತಂದುಕೊಡುವವರು ಮಳೆ ಶುರುವಾದ ಮೇಲೆ ಎಲ್ಲಿಂದಲೋ ಹಳೆಯ ಹೊಟ್ಟು ತರುತ್ತಿದ್ದರಂತೆ. ಬರೀ ಧೂಳು, ಬೂಷ್ಟು, ತವುಡಿನ ಪುಡಿ. ಆ ಧೂಳಿಗೆ ಎಲ್ಲ ಇಲಿಗಳ ಎದೆಯೂ ಕೆಟ್ಟರೆ, ಯಾವುದು ಕರೆಂಟಿನಿಂದ ಕೆಟ್ಟದ್ದು, ಯಾವುದು ಧೂಳಿನಿಂದ ಕೆಟ್ಟದ್ದು ಅಂತ ಹೇಳುವುದು ಹೇಗೆ? ಇಷ್ಟು ದಿನ ಕಾದದ್ದು ನೀರಿಗೆ ಹೋಗುತ್ತದೆ. ಇಲಿಗಳು ನೋವು ತಿಂದದ್ದೂ ಸುಮ್ಮನೇ ಆಗುತ್ತದೆ. ಈ ಕೊನೆಯ ಮಾತು ಹೇಳುವಾಗ ಹುಡುಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಧೂಳಿಲ್ಲದ ಹೊಟ್ಟು ಎಲ್ಲಿಂದ ತಂದ್ರೂ ಸರಿ ಅಂದಾರೆ ನಮ್ಮ ಮೇಡಂ. ಆವಿಯಲ್ಲಿ ಕಾಯಿಸೋದು ಅಲ್ಲೇ ಕಾಯಿಸ್ತೀವಿ. ಆದ್ರೆ ಧೂಳಿಲ್ಲದ ಹೊಟ್ಟು ಯಾರು ಕೊಡ್ತಾರೆ?"

ಶಾಂತ ಗೋಡೆಯ ಕಡೆ ನೋಡಿದಳು. ಅಲ್ಲಿ ನನ್ನ ಮೊರ ತೂಗುಹಾಕಿತ್ತು.

ಖಮರ್‌ಬಿಯ ಗಂಡ ಹೊನ್ನಾಳಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ಹೊಸ ಭತ್ತ ಮಿಲ್ ಮಾಡಿದ ದಿನ ತಾಜಾ ಹೊಟ್ಟನ್ನು ಆಟೋದಲ್ಲಿ ಹಾಕಿ ಕಳಿಸಿದ. ತಾಜಾ ಆದರೂ ಅದರಲ್ಲಿ ನುಚ್ಚು, ತವುಡು, ಮಣ್ಣಿನ ಪುಡಿ ಇದ್ದೇ ಇರುತ್ತದಲ್ಲ. ಮಳೆಯ ತಂಪಿಗೆ ಆ ಪುಡಿ ಹೊಟ್ಟಿಗೇ ಅಂಟಿಕೊಂಡಿರುತ್ತದೆ, ಎಷ್ಟು ಕೇರಿದರೂ ಬಿಡುವುದಿಲ್ಲ. ಮೊದಲು ಒಣಗಿಸಬೇಕು. ಮಳೆ ಹೊಳವಾದಾಗಲೆಲ್ಲ ಖಮರ್‌ಬಿಯ ಮನೆಯ ತಾರಸಿಯ ಮೇಲೆ ಹರಡುವುದು, ಮೋಡ ಕವಿದರೆ ಎಲ್ಲರೂ ಓಡಿಹೋಗಿ ಬಾಚುವುದು. ಒಣಗಿದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಕೇರುವುದು.

ಕೇರುವುದಕ್ಕೆ ಕೂತ ಮೊದಲ ದಿನ ಎಷ್ಟು ನಕ್ಕೆವು ಅಂತೀರಿ! ಕೈಗೆ ಅಭ್ಯಾಸವೇ ಬೇರೆ. ಹುಟ್ಟಿದಾಗಿನಿಂದ ಕಾಳು ಉಳಿಸಿಕೊಂಡು ಹೊಟ್ಟು ಹಾರಿಸಿದವರು ನಾವು. ಈಗ ಹೊಟ್ಟು ಮೊರದಲ್ಲಿ ಉಳಿಯಬೇಕು, ಪುಡಿ ಹಾರಬೇಕು, ನುಚ್ಚು ಹಿಂದಕ್ಕೆ ಸರಿಯಬೇಕು. ಹಾಲವ್ವ ಎರಡು ಸಲ ಕೊಡವಿದಳು ನೋಡಿ, ಹೊಟ್ಟೆಲ್ಲ ಅಂಗಳದಲ್ಲಿ! ಮೊರದಲ್ಲಿ ಉಳಿದದ್ದು ನಾಲ್ಕು ನುಚ್ಚು ಅಕ್ಕಿ.

"ಏನ್ ಹಾಲಕ್ಕಾ, ಇಲಿಗೆ ಅನ್ನ ಮಾಡ್ತೀಯೇನು?" ಅಂದಳು ಖಮರ್‌ಬಿ.

"ಸುಮ್ನಿರೇ. ನ್ಯಾಮತಿ ನಮ್ಮ ತವರಲ್ಲಿ ಕೇರಾಕೆ ನನ್ನ ಬಿಟ್ರೆ ಯಾರೂ ಇರ್ಲಿಲ್ಲ. ಕೈ ಹೇಳಿದ ಮಾತು ಕೇಳ್ತಿಲ್ಲ, ಏನ್ ಮಾಡ್ಲಿ? ಗಂಡ ಮಕ್ಕಳಿಗೆ ಮಾಡಿದ್ದು ಸಾಲ್ದು ಅಂತ ಈಗ ಇಲಿಗೆ ಹಾಸಿಗೆ ಹಾಸಾಕೆ ಬಂತು ನನ್ನ ಬಾಳು!"

ಅಂದಳೇ ಹೊರತು ಮರುದಿನ ಎಲ್ಲರಿಗಿಂತ ಮೊದಲು ಮೊರ ಹಿಡಿದು ಬಂದು ಕೂತಿದ್ದಳು. ಮೊರವನ್ನು ಸಣ್ಣಗೆ ಅಲುಗಿಸಿ, ಎತ್ತದೆ, ಮುಂದಕ್ಕೆ ಮಾತ್ರ ಜಾರಿಸುವುದನ್ನು ನಾವು ನಿಧಾನಕ್ಕೆ ಕಲಿತೆವು. ಶಾಂತ ಹತ್ತಿರ ಬರುವ ಹಾಗಿರಲಿಲ್ಲ. ಆ ಧೂಳು ಅವಳಿಗೆ ಆಗುವುದಿಲ್ಲ. ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ದೂರದ ಕಿಟಕಿಯಲ್ಲಿ ಕೂತು, ತುಂಬಿದ ಚೀಲದ ಬಾಯಿ ಹೊಲಿದುಕೊಡುತ್ತಿದ್ದಳು. ಇಷ್ಟಾದರೂ ಮಾಡುತ್ತೇನೆ ಅಂತ ಹಟ.

ಚೀಲ ಹೊತ್ತು ಸುಧಾ ಬಸ್ಸು ಹತ್ತುವುದು ಇನ್ನೊಂದು ತಮಾಷೆ. ಕಂಡಕ್ಟರ್ ಕೇಳಿದನಂತೆ, "ಚೀಲದಾಗೆ ಏನಮ್ಮಾ?"

"ಹೊಟ್ಟು ಅಣ್ಣಾ."

"ಯಾರಿಗೆ?"

"ಇಲಿಗೆ."

ಅವನು ಅವಳ ಮುಖ ನೋಡಿ, "ನಿಂಗೆ ಫ್ರೀ ಐತಮ್ಮಾ, ಇಲಿ ಹಾಸಿಗೆಗೆ ಟಿಕೆಟ್ ತಗೋ" ಅಂದನಂತೆ. ಆ ಮೇಲೆ ಪ್ರತಿ ಭಾನುವಾರ ಅವನೇ ಚೀಲ ಎತ್ತಿ ಒಳಗೆ ಇಡುತ್ತಿದ್ದ, "ಹೆಂಗದಾವಮ್ಮಾ ನಿನ್ನ ಇಲಿಗಳು?" ಅಂತ ಕೇಳುತ್ತಿದ್ದ.

ಹೊಸ ಹೊಟ್ಟು ಹಾಸಿದ ಮೇಲೆ ಸೀನು ಕಡಿಮೆಯಾಯಿತು. ಸುಧಾಳ ಮುಖಕ್ಕೆ ಕಳೆ ಬಂತು. ಶುಚಿಯಾದ ಹೊಟ್ಟು ಹಾಕಿದ ಕೂಡಲೇ ಇಲಿಗಳು ಅದರೊಳಗೆ ಮೂಗು ಹಾಕಿ ತೋಡುತ್ತವೆ, ಗುಡ್ಡೆ ಮಾಡುತ್ತವೆ, ಒಳಗೆ ಹೊಕ್ಕು ಬೆನ್ನು ಮಾತ್ರ ಕಾಣುವ ಹಾಗೆ ಮಲಗುತ್ತವೆ ಅಂತ ಹೇಳುತ್ತಿದ್ದಳು. ಹಾಲವ್ವನಿಗೆ ಅದನ್ನು ಎಷ್ಟು ಸಲ ಕೇಳಿದರೂ ಸಾಲದು.

ಆ ಪ್ರೀತಿಯೇ ಎಡವಟ್ಟು ಮಾಡಿತು. ಒಂದು ಭಾನುವಾರ ಚೀಲ ತೆಗೆದುಕೊಂಡು ಹೋದ ಸುಧಾ ಮರುದಿನ ಬೆಳಿಗ್ಗೆಯೇ ಫೋನು ಮಾಡಿದಳು.

"ಅಜ್ಜಿ, ಚೀಲದಾಗೆ ಬೇವಿನ ಎಲೆ ಅದಾವೆ!"

ಫೋನು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದೆ. ಹಾಲವ್ವ ಮುಂದೆ ಬಂದು ಹೆಮ್ಮೆಯಿಂದ ಅಂದಳು, "ನಾನೇ ಹಾಕಿದ್ದು ಕಣವ್ವ. ಹುಳ ಬೀಳಬಾರ್ದು ಅಂತ. ನಮ್ಮನೆ ಹೆಸರುಕಾಳಿಗೂ ಹಂಗೇ ಹಾಕ್ತೀನಿ. ಎಲ್ಲ ಚೀಲದ ತಳಕ್ಕೂ ಹಾಕೀನಿ."

ಸುಧಾ ಮೆಲ್ಲಗೆ ಹೇಳಿದಳು. ಬೇವು ಒಳ್ಳೆಯದೇ, ಆದರೆ ಅದೂ ಒಂದು ಔಷಧಿ. ಇಲಿ ಅದನ್ನು ಕಡಿದರೆ ಮೈಗೆ ಹೋಗುತ್ತದೆ. ನಾಳೆ ಒಳ್ಳೆಯದಾದರೆ ಮಾತ್ರೆಯಿಂದ ಆಯಿತೋ ಬೇವಿನಿಂದ ಆಯಿತೋ ಯಾರು ಹೇಳಬೇಕು? ಚೀಲಗಳನ್ನೆಲ್ಲ ಹೊರಗೆ ಸುರಿಯಬೇಕು. ಶನಿವಾರ ಹಾಸುವುದಕ್ಕೆ ಬೇರೆ ಹೊಟ್ಟಿಲ್ಲ.

ಹಾಲವ್ವ ಎದ್ದು ಮನೆಗೆ ಹೋದಳು. ಮಧ್ಯಾಹ್ನ ನಾನು ಹೋಗಿ ನೋಡಿದರೆ ಅಟ್ಟದ ಕಂಬಕ್ಕೆ ಒರಗಿ ಅಳುತ್ತಿದ್ದಾಳೆ. "ಶಾಂತನ ಮಗಳ ಕೆಲಸ ನನ್ನ ಕೈಯ್ಯಾರೆ ಹಾಳು ಮಾಡಿದ್ನಲ್ಲ ಗಂಗಕ್ಕಾ."

"ಹಾಳಾಗಿಲ್ಲ ಏಳು. ಹಾಸೋಕೆ ಮುಂಚೇನೇ ನೋಡ್ಯಾಳೆ. ಇನ್ನೂ ಶನಿವಾರದ ತನಕ ಟೈಮ್ ಐತೆ."

ಆದರೆ ಮಳೆಗೆ ಅದು ಗೊತ್ತಿರಬೇಕಲ್ಲ! ಆ ವಾರ ಹೊಳವೇ ಕೊಡಲಿಲ್ಲ. ಹೊಳೆ ತುಂಬಿ ದಡದ ಗದ್ದೆಗಳಿಗೆ ನೀರು ಬಂತು. ತಾರಸಿ ಮೇಲೆ ಹರಡುವ ಮಾತೇ ಇಲ್ಲ. ಖಮರ್‌ಬಿಯ ಗಂಡ ಮತ್ತೆ ಹೊಟ್ಟು ತಂದು ಹಾಕಿದ. ಅದನ್ನು ನಮ್ಮ ಮೂರೂ ಮನೆಗಳ ನಡುಮನೆಯಲ್ಲಿ ಸೀರೆ ಹಾಸಿ ಹರಡಿದೆವು. ಹಾಲವ್ವ ತನ್ನ ಮನೆಯ ದೊಡ್ಡ ಒಲೆಗೆ ಬೆಂಕಿ ಹಾಕಿ, ಬೆಲ್ಲ ಕಾಯಿಸುವ ಹಳೆಯ ಕೊಪ್ಪರಿಗೆಯಲ್ಲಿ ಹೊಟ್ಟನ್ನು ಸ್ವಲ್ಪಸ್ವಲ್ಪವೇ ಬೆಚ್ಚಗೆ ಮಾಡಿ ಕೊಟ್ಟಳು. ಹೊಗೆ ತಾಗಬಾರದು, ಸೀಯಬಾರದು. ಸೌದೆ ಎಳೆಯುವುದು, ಮತ್ತೆ ಹಾಕುವುದು. ಬೇಡ ಅಂದರೂ ಕೇಳದೆ ನಾಲ್ಕು ದಿನ ಅವಳು ಆ ಒಲೆ ಬಿಟ್ಟು ಏಳಲಿಲ್ಲ.

ಕೇರುವುದು ಮನೆಯೊಳಗೇ ಆದ್ದರಿಂದ ಶಾಂತನನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದೆ. ಹೊಲಿಯುವ ಚೀಲಗಳನ್ನು ಅಲ್ಲಿಗೇ ತಲುಪಿಸುತ್ತಿದ್ದೆವು. ಮೋಡದ ಬೆಳಕಿನಲ್ಲಿ ನಮಗೆ ಒಂದು ಅನುಮಾನ. ಧೂಳು ಪೂರ್ತಿ ಹೋಗಿದೆಯೋ ಇಲ್ಲವೋ? ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೂಗಿಗೆ ಧೂಳು ಅಭ್ಯಾಸ, ಎಷ್ಟಿದ್ದರೂ ಸೀನು ಬರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಸುಧಾ ಹೇಳದೆ ಕೇಳದೆ ಬಂದಳು. ಭಾನುವಾರದವರೆಗೆ ಕಾಯದೆ ಚೀಲ ಒಯ್ಯೋಣ ಅಂತ. ನಾವು ನಡುಮನೆಯಲ್ಲಿ ಮೊರ ಕೊಡವುತ್ತಿದ್ದೆವು. "ಅಮ್ಮ ಎಲ್ಲಿ?" ಅಂತ ಒಳಗೆ ಹೋದವಳು ಅಲ್ಲಿಂದಲೇ ಕಿರುಚಿದಳು. ನಾನು ಓಡಿದೆ.

ಶಾಂತ ಹಿತ್ತಲ ಕೋಣೆಯಲ್ಲಿ, ಬಾಯಿ ಬಿಚ್ಚಿದ ಚೀಲದ ಮುಂದೆ ಕೂತು, ತಲೆ ಪೂರ್ತಿ ಒಳಗೆ ಹಾಕಿ ಉಸಿರು ಎಳೆಯುತ್ತಿದ್ದಳು. ಕೆನ್ನೆಗೆ ಹೊಟ್ಟು ಅಂಟಿತ್ತು. ಗೋಡೆಯ ಪಕ್ಕ ಎರಡು ಚೀಲ ಬೇರೆ ಇಟ್ಟಿದ್ದಳು. ಅವು ಅವಳಿಗೆ ಕೆಮ್ಮು ಬರಿಸಿದ ಚೀಲಗಳು. ಮತ್ತೆ ಕೇರಬೇಕಾದವು. ನಾವು ಇಷ್ಟು ದಿನ, 'ಯಾಕೋ ಇದು ಸರಿ ಬಂದಿಲ್ಲ ಅವ್ವಾ, ಇನ್ನೊಂದ್ಸಲ ಕೇರ್ರಿ' ಅಂತ ಅವಳು ಚೀಲ ವಾಪಸು ಕಳಿಸಿದಾಗಲೆಲ್ಲ ಕಣ್ಣಲ್ಲಿ ನೋಡಿ ಹೇಳುತ್ತಾಳೆ ಅಂದುಕೊಂಡಿದ್ದೆವು.

"ಏನ್ ಮಾಡ್ತಿದ್ದೀಯಮ್ಮಾ? ನೀನೇನು ಇಲಿನಾ?" ಸುಧಾ ಚೀಲವನ್ನು ಎಳೆದು ಆಚೆ ಸರಿಸಿದಳು. "ಧೂಳಿನ ಹತ್ರ ಹೋಗಬ್ಯಾಡ ಅಂತ ಎಷ್ಟು ಸಲ ಹೇಳೀನಿ? ನಿನಗೋಸ್ಕರ ನಾನು ಇಷ್ಟೆಲ್ಲ ಮಾಡ್ತಿದ್ರೆ..."

ಶಾಂತನಿಗೆ ಕೆಮ್ಮು ಹತ್ತಿತ್ತು. ಕೆಮ್ಮಿ, ನೀರು ಕುಡಿದು, ಉಸಿರು ಸಿಕ್ಕಿದ ಮೇಲೆ ಮಗಳ ಕೈ ಹಿಡಿದು ಕೂರಿಸಿಕೊಂಡಳು.

"ನೋಡು, ನನ್ನ ಬದಲಿಗೆ ಅವು ಕರೆಂಟು ತಿಂದಾವೆ. ಯಾರೂ ಅವನ್ನ ಕೇಳಲಿಲ್ಲ. ಅವುಗಳ ಬದಲಿಗೆ ನಾನು ಒಂದ್ ಸಲ ಮೂಸಿ ನೋಡಿದ್ರೆ ಏನಾತು? ಉಸಿರು ಸಿಗದೇ ಇದ್ರೆ ಹೆಂಗಿರ್ತೈತೆ ಅಂತ ಈ ಮನೇಲಿ ನನಗೊಬ್ಬಳಿಗೇ ಗೊತ್ತಿರೋದು."

ಸುಧಾ ತಾಯಿಯ ಮಡಿಲಲ್ಲಿ ಮುಖ ಇಟ್ಟುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಹಾಲವ್ವ, ಖಮರ್‌ಬಿ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮಾತ್ರ ಶಾಂತನನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಹೆತ್ತವಳು ಇನ್ನೇನು ಮಾಡಲಿ?

ಆ ಮೇಲೆ ಸುಧಾ ಒಂದು ಕಪ್ಪು ಬಟ್ಟೆ ತಂದುಕೊಟ್ಟಳು. ಒಂದು ಹಿಡಿ ಹೊಟ್ಟನ್ನು ಅದರ ಮೇಲೆ ಕೊಡವಿ, ಬಟ್ಟೆ ಬೆಳ್ಳಗಾದರೆ ಮತ್ತೆ ಕೇರಬೇಕು. ಮೂಗಿನ ಕೆಲಸ ಬಂದ್ ಅಂತ ತಾಯಿಯ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿ ಆಣೆ ಮಾಡಿಸಿಕೊಂಡಳು. ಹಾಲವ್ವ ಮಾತ್ರ ಬಟ್ಟೆ ಝಾಡಿಸಿದ ಮೇಲೂ ಕಿಟಕಿಯ ಕಡೆ ತಿರುಗಿ ಕೂಗುತ್ತಿದ್ದಳು.

"ಬಟ್ಟೆ ಪಾಸ್ ಮಾಡ್ತವ್ವ. ಸಾಹೇಬ್ರದು ಏನು?"

"ಇಲ್ಲಿಂದ್ಲೇ ಪಾಸ್!" ಅನ್ನುತ್ತಿದ್ದಳು ಶಾಂತ.

ಹೀಗೇ ಗಣಪತಿ ಹಬ್ಬ ಬಂತು. ಜಗಳೂರು ಸೀಮೆಯ ನನ್ನ ತವರಿನಲ್ಲಿ ಹಬ್ಬದ ಮರುದಿನವನ್ನು ಇಲಿವಾರ ಅನ್ನುತ್ತಾರೆ. ಅವತ್ತು ಮನೆಯಲ್ಲಿ ಸೂಜಿ, ಕತ್ತರಿ ಮುಟ್ಟುವುದಿಲ್ಲ. ಕಾಳಿನ ಮೂಟೆಗಳ ಮೂಲೆಯಲ್ಲಿ ಇಲಿಗೆ ಅಂತ ಒಂದು ಕಡುಬು ಇಟ್ಟು, ಬಟ್ಟೆಬರೆ ಕಡಿಯಬೇಡಪ್ಪ ಅಂತ ಕೈಮುಗಿಯುತ್ತೇವೆ. ಮದುವೆಯಾಗಿ ಬಂದ ಮೇಲೆ ನಾನು ಅದನ್ನು ಇಲ್ಲೂ ನಡೆಸಿಕೊಂಡು ಬಂದಿದ್ದೇನೆ. ಆ ವರ್ಷ ಹಾಲವ್ವ ಬೆಳಿಗ್ಗೆಯೇ ಮೊರ ಹಿಡಿದು ಬಂದು, "ನಿನ್ನ ಮೂಲೆ ಇಲಿಗೆ ಕಡುಬು. ನಮ್ಮ ಇಲಿಗಳಿಗೆ?" ಅಂದಳು.

ಹಬ್ಬಕ್ಕೆ ಬಂದಿದ್ದ ಸುಧಾ ತಲೆ ಅಲ್ಲಾಡಿಸಿದಳು. "ಅವಕ್ಕೆ ಅಳತೆ ಊಟ ದೊಡ್ಡವ್ವಾ. ಒಂದು ತುಣುಕೂ ಬೇರೆ ಕೊಡಂಗಿಲ್ಲ."

"ಪಾಪ. ಮುಗಿದ ಮೇಲಾದ್ರೂ ಕೊಡಬಹುದಲ್ಲ? ದೀಪಾವಳಿ ಆದ್ಮೇಲೆ ಬಿಡ್ತೀಯಲ್ಲ ಅವನ್ನ?"

ಸುಧಾ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಿಡಲ್ಲ ದೊಡ್ಡವ್ವಾ. ಒಳಗೆ ಎಷ್ಟು ಬಿರುಸಾಗೈತೆ ಅಂತ ಶ್ವಾಸಕೋಶ ತೆಗೆದು ನೋಡಬೇಕು. ನೋವಾಗದಂಗೆ ನಿದ್ದೆ ಬರಿಸಿ, ನಿದ್ದೇಲೇ..."

ಹಾಲವ್ವನ ಕೈಯಲ್ಲಿದ್ದ ಮೊರ ಕೆಳಗೆ ಇಳಿಯಿತು. "ಅಲ್ಲವ್ವಾ, ಸಾಯಿಸಾಕೆ ಇಷ್ಟು ಚೊಕ್ಕ ಮಾಡಿ ಹಾಸಿಗೆ ಹಾಸ್ತಿದ್ವೇನು ನಾವು?"

ಹಬ್ಬದ ಕಡುಬು ಎದುರಿಗಿತ್ತು. ಆಗ ಪಕ್ಕದಲ್ಲಿ ಕೇರುತ್ತಿದ್ದ ಖಮರ್‌ಬಿ ಬಾಯಿಬಿಟ್ಟಳು. ಅವಳು ಮಾತು ಕಡಿಮೆಯವಳು.

"ಹಾಲಕ್ಕಾ, ಬಕ್ರೀದಿಗೆ ಅಂತ ನಮ್ಮನೇಲಿ ಕುರಿ ಸಾಕ್ತೀವಲ್ಲ. ಮರಿ ತಂದ ದಿನಾನೇ ಗೊತ್ತಿರ್ತೈತೆ ಕೊಡೋದು ಅಂತ. ಅಂತ ಹೇಳಿ ಮೇವು ಕಮ್ಮಿ ಮಾಡ್ತೀವಾ? ಮೈ ತೊಳೀತೀವಿ, ಬೆಲ್ಲ ತಿನ್ನಿಸ್ತೀವಿ, ಮಳೆ ಬಂದ್ರೆ ಒಳಗೆ ಕಟ್ತೀವಿ. ಕೊಡೋ ದಿನ ನಾನು ಊಟ ಮಾಡಲ್ಲ, ನಿನಗೇ ಗೊತ್ತು. ಕೊಡೋದು ಐತೆ ಅಂತ ಗೊತ್ತಿದ್ರೆ ಇನ್ನೂ ಚೆನ್ನಾಗಿ ನೋಡ್ಕಬೇಕು ಕಣಕ್ಕಾ. ಇಲ್ದಿದ್ರೆ ಅದು ಬರೀ ಕಡಿದಂಗೆ ಆಗ್ತೈತೆ."

ಹಾಲವ್ವ ಮೊರ ಎತ್ತಿಕೊಂಡಳು. ಅವತ್ತು ಕೇರಿದ ಹಾಗೆ ನಾವು ಇನ್ಯಾವತ್ತೂ ಕೇರಲಿಲ್ಲ. ಒಂದೊಂದು ಮೊರವನ್ನೂ ಎರಡೆರಡು ಸಲ. ಇಲಿವಾರ ಆದ್ದರಿಂದ ಶಾಂತ ಸೂಜಿ ಮುಟ್ಟಲಿಲ್ಲ, ಚೀಲದ ಬಾಯಿಗೆ ಹಗ್ಗ ಕಟ್ಟಿದಳು. ಸುಧಾ ಸಂಜೆಯ ಬಸ್ಸಿಗೇ ಹೋಗಿ, ಅಲ್ಲೇ ಆವಿಯಲ್ಲಿ ಕಾಯಿಸಿ ಆರಿಸಿ, ಮರುದಿನ ಎಲ್ಲ ಪಂಜರಗಳಿಗೂ ಹಾಸಿದಳಂತೆ. "ತೋಡಿದ್ದೇ ತೋಡಿದ್ದು ಅಜ್ಜಿ, ಹಬ್ಬ ಮಾಡಿದ್ವು" ಅಂತ ಫೋನು ಮಾಡಿದಳು. ಹಾಲವ್ವನಿಗೆ ಅದನ್ನು ಹೇಳಿದೆ.

ದೀಪಾವಳಿ ಕಳೆಯಿತು. ಒಂದು ಸಂಜೆ ಸುಧಾ ಬಂದಳು. ಕೈಯಲ್ಲಿ ಖಾಲಿ ಚೀಲಗಳು. ತಲೆಗೆ ನೀರು ಹಾಕಿಕೊಂಡು ಬಂದು ತಾಯಿಯ ಪಕ್ಕ ಮಲಗಿದಳು. ಎದುರು ಮನೆಯಲ್ಲಿ ಖಮರ್‌ಬಿ ಅವತ್ತು ಒಲೆ ಹಚ್ಚಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಫಲ ಗೊತ್ತಾಗುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಮಾತ್ರೆ ತಿಂದ ಇಲಿಗಳ ಶ್ವಾಸಕೋಶ ಮಾತ್ರೆ ಇಲ್ಲದೆ ಕರೆಂಟು ತಿಂದವುಗಳಷ್ಟು ಬಿರುಸಾಗಿರಲಿಲ್ಲವಂತೆ. ಮನುಷ್ಯರಿಗೆ ಅಂತ ಹೇಳುವುದಕ್ಕೆ ಇನ್ನೂ ಎಷ್ಟೋ ದಾರಿ ಇದೆ, ಬೇರೆ ಕಡೆಯವರೂ ಮಾಡಿ ನೋಡಬೇಕು ಅಂದಳು ಸುಧಾ. ಆಮೇಲೆ ನೆ‌ಲ ನೋಡುತ್ತಾ, "ಅದು ಬಿರುಸಾಗೋದನ್ನ ತಡೆಯೋಕೆ ಅಮ್ಮಾ. ಆಗಲೇ ಆಗಿದ್ರೆ ಅದಕ್ಕಲ್ಲ" ಅಂದಳು.

ಆ ಮಾತನ್ನು ಹೇಳುವುದಕ್ಕೆ ಅವಳು ಎಷ್ಟು ದಿನದಿಂದ ಒದ್ದಾಡಿದ್ದಳೋ. ಶಾಂತ ಅವಳ ಜಡೆ ಸರಿಮಾಡುತ್ತಾ, "ನನಗೆ ಯಾವಾಗ್ಲೋ ಗೊತ್ತು ಬಿಡು" ಅಂದಳು. "ನನ್ನ ಸೀರೆ ಗಂಜಿ ಕುಡಿದು ಒಣಗೈತೆ. ಮುಂದೆ ಒಗೆಯೋರ ಸೀರೆನಾದ್ರೂ ಮೆತ್ತಗಿರಲಿ."

ಇನ್ನು ಮೊನ್ನೆಯದು. ಸುಧಾ ಎಲ್ಲರೆದುರು ನಿಂತು ಉತ್ತರ ಕೊಡುವ ದಿನ ನಮ್ಮ ನಾಲ್ವರನ್ನೂ ಕರೆಸಿಕೊಂಡಿದ್ದಳು. ಸಭಾಂಗಣ ಮೇಲಿನ ಮಹಡಿಯಲ್ಲಿತ್ತು. ಶಾಂತ ತಿರುವಿಗೊಂದು ಸಲ ಕಂಬಿ ಹಿಡಿದು ನಿಂತು, ಉಸಿರು ತೆಗೆದುಕೊಂಡು ಹತ್ತಿದಳು. ಕೆಳಗೇ ಕೂರು, ಲಿಫ್ಟ್ ಎಲ್ಲಿದೆ ಕೇಳೋಣ ಅಂದರೆ ಕೇಳಲಿಲ್ಲ. ಇವತ್ತು ನಾನೇ ಹತ್ತಬೇಕು ಅಂದಳು. ಹಿಂದಿನ ಸಾಲಿನಲ್ಲಿ ಕೂತೆವು. ಎಲ್ಲ ಇಂಗ್ಲಿಷು. ಗೋಡೆಯ ಮೇಲೆ ಗುಲಾಬಿ ಬಣ್ಣದ ಚಿತ್ರಗಳು ಬಂದವು, ಹೋದವು. ಹಾಲವ್ವ ತೂಕಡಿಸಿದಳು.

ದೂರದಿಂದ ಬಂದಿದ್ದ ಒಬ್ಬ ವಯಸ್ಸಾದ ಮೇಷ್ಟ್ರು ಏನೋ ಕೇಳಿದರು. ಸುಧಾ ನಮ್ಮ ಸಾಲಿನ ಕಡೆ ನೋಡಿದಳು. ಆಮೇಲೆ ಗೋಡೆಯ ಮೇಲೆ ಒಂದು ಚಿತ್ರ ಹಾಕಿದಳು, ಜೇನುಗೂಡಿನ ಹಾಗೆ ತೆಳ್ಳಗೆ, ಬೆಳಕು ಬೆಳಕಾಗಿತ್ತು. ಅದನ್ನು ತೋರಿಸಿ ನಿಧಾನವಾಗಿ ಮಾತಾಡಿದಳು. ಮೇಷ್ಟ್ರು ತಲೆಯಾಡಿಸಿದರು, ನಕ್ಕರು. ಹೊರಗೆ ಬಂದ ಮೇಲೆ ನಾನು ಮೊದಲು ಕೇಳಿದ್ದೇ ಅದು.

"ಏನೇ ಕೇಳಿದ್ರು ಆ ಮುದುಕ್ರು?"

"ಇದು ಧೂಳಿಂದ ಆಗಿಲ್ಲ, ಕರೆಂಟಿಂದ್ಲೇ ಆಗಿದ್ದು ಅಂತ ಹೆಂಗೆ ಹೇಳ್ತೀರಿ ಅಂತ ಕೇಳಿದ್ರು ಅಜ್ಜಿ."

"ನೀ ಏನಂದಿ?"

"ಕರೆಂಟು ಕೊಡದ ಇಲಿ ಶ್ವಾಸಕೋಶ ತೋರಿಸ್ದೆ. ಒಂದು ಕಲೆ ಇಲ್ಲ. ಅವು ಮಲಗಿದ್ದ ಹೊಟ್ಟಿನಾಗೆ ಧೂಳಿರ್ಲಿಲ್ಲ ಅಂದೆ."

ಹಾಲವ್ವ ಅಲ್ಲೇ ವರಾಂಡದಲ್ಲಿ, ಅಷ್ಟು ಜನ ಓದಿದವರ ನಡುವೆ, ಅವಳ ಮುಖ ಹಿಡಿದು ದೃಷ್ಟಿ ತೆಗೆದು ಲಟಿಕೆ ಮುರಿದಳು. ಖಮರ್‌ಬಿ ಬುರ್ಖಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ, ಯಾರೋ ನೀರು ತಂದುಕೊಟ್ಟರು.

ಶಾಂತ ಮಾತ್ರ ಒಂದೇ ಕೇಳಿದಳು. "ಇಲಿಗಳನ್ನ ಒಂದ್ ಸಲ ತೋರಿಸ್ತೀಯಾ?"

ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಿನಲ್ಲಿ ಒಂದು ಚೌಕ ಗಾಜು ಇತ್ತು. ಸುಧಾ ಕೇಳಿಬಂದು, ಅಲ್ಲಿಂದಲೇ ನೋಡಿ ಅಂದಳು. ಹೊಸ ಇಲಿಗಳು ಅವು, ನಮ್ಮವಲ್ಲ. ನಮ್ಮವು ಹೋಗಿ ಎಷ್ಟು ಕಾಲವಾಯಿತು. ಸಾಲಾಗಿ ಪಂಜರಗಳು, ತಳದಲ್ಲಿ ಚಿನ್ನದ ಬಣ್ಣದ ಹೊಟ್ಟು. ಆಗಷ್ಟೇ ಹಾಸಿದ್ದರೇನೋ. ಹತ್ತಿರದ ಪಂಜರದಲ್ಲಿ ಒಂದು ಇಲಿ ಎರಡೂ ಕೈಯಲ್ಲಿ ಹೊಟ್ಟನ್ನು ಹಿಂದಕ್ಕೆ ಚೆಲ್ಲುತ್ತಾ ತೋಡುತ್ತಿತ್ತು. ನಿಂತಿತು. ಮೂಗು ಮೇಲೆತ್ತಿ ಗಾಳಿ ಮೂಸಿತು. ಸೀನಲಿಲ್ಲ. ಮತ್ತೆ ತೋಡಿತು.

ಶಾಂತ ಹಣೆಯನ್ನು ಗಾಜಿಗೆ ತಾಗಿಸಿ ನಿಂತಿದ್ದಳು. ಎ.ಸಿ.ಗೆ ಗಾಜು ತಣ್ಣಗಿತ್ತು. ಅವಳು ಉಸಿರು ಬಿಟ್ಟಾಗ ಅದರ ಮೇಲೆ ದುಂಡಗೆ ಮಂಜು ಕಟ್ಟಿ ಇಲಿ ಕಾಣದಾಯಿತು. ಸೆರಗಿನಿಂದ ಒರೆಸಿದಳು. ಮತ್ತೆ ಮಂಜು ಕಟ್ಟಿತು. ಮತ್ತೆ ಒರೆಸಿದಳು. ಪಕ್ಕಕ್ಕೆ ಬಾ, ಕಾಣುತ್ತದೆ ಅಂತ ಹಾಲವ್ವ ಅವಳ ತೋಳು ಎಳೆದಳು. ನಾನು ಹಾಲವ್ವನ ಕೈ ಹಿಡಿದು ನಿಲ್ಲಿಸಿದೆ. ಎಲ್ಲರೂ ಇಲಿ ನೋಡಲಿ. ನನಗೆ ಆ ಗಾಜು ನೋಡುವುದೇ ಸಾಕಾಗಿತ್ತು. ಅದು ಮಬ್ಬಾಗುತ್ತಿತ್ತು, ತಿಳಿಯಾಗುತ್ತಿತ್ತು, ಮತ್ತೆ ಮಬ್ಬಾಗುತ್ತಿತ್ತು.